ಶಿವಾನಂದನ ಕೈಗುಣ

ಶಿವಾನಂದನ ಗಾಡಿಯ ಮುಂದಿನ ಚಕ್ರಗಳು ಯಾಕೆ ನಡುಗುತ್ತಿದ್ದವು ಎಂಬುದು ನನಗೆ ಗೊತ್ತಿತ್ತು. ಆ ಕಾರಣ ಹುಡುಕುತ್ತ ಅವನು ಗಾಡಿಯ ಕೆಳಗೆ ಅಂಗಾತ ಮಲಗಿದ್ದಾಗ ನಾನು ಮೇಲೆ ಸ್ಟೇರಿಂಗ್ ಹಿಡಿದು ಕೂತಿದ್ದೆ. ಗೊತ್ತಿದ್ದೂ ಹೇಳಲಿಲ್ಲ. ಹೇಳದೆ ಉಳಿದದ್ದಷ್ಟೇ ಅಲ್ಲ — ಅವನ ಕಣ್ಣಿಗೆ ಅದು ಬೀಳದ ಹಾಗೆ ನೋಡಿಕೊಂಡೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದುವಾಗ ಯಾರಿಗಾದರೂ ನನ್ನ ಮೇಲೆ ಕನಿಕರ ಹುಟ್ಟಿದರೆ, ಮತ್ತೆ ಈ ಸಾಲುಗಳಿಗೆ ಬರಬೇಕು.

ಶಿವಾನಂದ ನನ್ನ ಮೈದುನ, ನಮ್ಮ ಯಜಮಾನರ ಒಬ್ಬನೇ ತಮ್ಮ. ನಮ್ಮದು ಬನಹಟ್ಟಿಯ ನೇಕಾರರ ಮನೆ. ಮುಂದಿನ ಅರ್ಧದಲ್ಲಿ ಪವರ್‌ಲೂಮ್ ಮಗ್ಗಗಳು, ಹಿಂದಿನ ಅರ್ಧದಲ್ಲಿ ನಾವು. ಮಗ್ಗಗಳು ಓಡುವಾಗ ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ತಲೆನೋವು ಬರುತ್ತಿತ್ತು. ಈಗ ಕರೆಂಟ್ ಹೋಗಿ ಸದ್ದು ನಿಂತಾಗ ಬರುತ್ತದೆ.

ನಾನು ಬೆಳಗಾವಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಾನ್ವೆಂಟಿನಲ್ಲಿ ಓದಿದವಳು. ರಬಕವಿಯ ಒಂದು ಸಣ್ಣ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಯಾರಾದರೂ ಬೇಕು ಎಂದು ಗೊತ್ತಾದಾಗ, ಊಟಕ್ಕೆ ಬಡಿಸುತ್ತ ಯಜಮಾನರನ್ನು ಕೇಳಿದ್ದೆ. "ಮನಿ ಯಾರ ನೋಡ್ತಾರ?" ಅಂದರು. ಜಗಳವೇನೂ ಆಗಲಿಲ್ಲ. ಇನ್ನೊಂದು ರೊಟ್ಟಿ ಹಾಕಿದೆ. ಮಾತು ಅಲ್ಲಿಗೆ ಮುಗಿಯಿತು. ಶಿವಾನಂದನೂ ಅದೇ ಪಂಕ್ತಿಯಲ್ಲಿ ಕೂತಿದ್ದ, ತಾಟಿನ ಅಂಚಿಗೆ ಮೆಣಸಿನಕಾಯಿಯ ತೊಟ್ಟನ್ನು ಒತ್ತಿಡುತ್ತಿದ್ದ. ಏನೂ ಅನ್ನಲಿಲ್ಲ. ಯಾಕೆ ಅನ್ನಬೇಕಿತ್ತು — ಅವನು ಚಿಕ್ಕವನು.

ಮರುವರ್ಷ ಅವನು ಒಂದು ಹಳೆಯ ಪಿಕಪ್ ತಂದ. ನಾಲ್ಕೂ ಚಕ್ರ ಎಳೆಯುವ ಗಾಡಿ. ಅದಕ್ಕೆ ಉದ್ದನೆಯ ಸ್ಪ್ರಿಂಗ್ ಹಾಕಿ ನೆಲದಿಂದ ಎತ್ತರಿಸಿದ, ನನ್ನ ಸೊಂಟದವರೆಗೆ ಬರುವ ಟೈರು ತೊಡಿಸಿದ. ನಮ್ಮ ಅತ್ತೆ ಅಂಗಳಕ್ಕೆ ಬಂದು ನೋಡಿ, "ಇದರಾಗ ಹತ್ತಾಕ ನಿಚ್ಚಣಿಕಿ ಬೇಕಲ್ಲೋ ಹುಚ್ಚಾ" ಅಂದರು. ಅವನು ಅವರನ್ನು ಅನಾಮತ್ತಾಗಿ ಎತ್ತಿ ಒಳಗೆ ಕೂರಿಸಿದ. ಅತ್ತೆ ಚೀರಿದರು, ಆಮೇಲೆ ಇಳಿಯಲು ಒಪ್ಪಲೇ ಇಲ್ಲ.

ಅದು ಬರೀ ಚಟವಾಗಿರಲಿಲ್ಲ. ಹೊಳೆ ಏರಿದಾಗ, ಎರೆಮಣ್ಣಿನಲ್ಲಿ ಕಬ್ಬಿನ ಟ್ರೇಲರುಗಳು ಹೂತುಕೊಂಡಾಗ ಇಂಥ ಗಾಡಿಗಳೇ ಬೇಕಾಗುತ್ತವೆ. ಮುಧೋಳ, ಬೀಳಗಿ ಕಡೆಯ ಹುಡುಗರು ತಮ್ಮ ಗಾಡಿಗಳನ್ನೂ ಹೀಗೆ ಎತ್ತರಿಸಿಕೊಡು ಎಂದು ಅವನನ್ನು ಕೇಳತೊಡಗಿದ್ದರು. ಜಮಖಂಡಿ ರಸ್ತೆಗೆ ನಮ್ಮದೊಂದು ನೂಲಿನ ಗೋದಾಮು ಖಾಲಿ ಬಿದ್ದಿತ್ತು. ಅಲ್ಲಿ ಗ್ಯಾರೇಜು ಹಾಕುತ್ತೇನೆಂದು ಅಣ್ಣನನ್ನು ಕೇಳಿದ. ಯಜಮಾನರು, "ಮೊದಲ ಇದೊಂದು ಗಾಡಿ ನೆಟ್ಟಗ ಓಡ್ಲಿ. ಆಮ್ಯಾಲ ಗೋದಾಮಿನ ಕೀಲಿ ತಗೋ" ಅಂದರು.

ಮನೆ ಯಾರು ನೋಡುತ್ತಾರೆ, ಮಗ್ಗ ಯಾರು ನೋಡುತ್ತಾರೆ ಎಂದು ಅವನನ್ನು ಯಾರೂ ಕೇಳಲಿಲ್ಲ. ನಾನು ಆಗ ಅಕ್ಕಿ ಆರಿಸುತ್ತಿದ್ದೆ. ಒಂದು ಕಲ್ಲು ಸಿಕ್ಕಿತು, ಬದಿಗಿಟ್ಟೆ. ಸಿಟ್ಟು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಬರಲಿಲ್ಲ. ಏನೂ ಬಾರದ ಆ ಜಾಗದಲ್ಲೇ ಮುಂದಿನದೆಲ್ಲ ಬೆಳೆಯಿತು ಅನಿಸುತ್ತದೆ — ಆದರೆ ಅದು ಕಾರಣವಲ್ಲ. ನನ್ನ ಹಾಗೆ ಬೇಡ ಅನಿಸಿಕೊಂಡವರು ಎಷ್ಟೋ ಜನ ಇದ್ದಾರೆ. ಅವರೆಲ್ಲ ಹೀಗೆ ಮಾಡಲಿಲ್ಲ.

ಗಾಡಿ ಎತ್ತರಿಸಿದಾಗ ಮುಂದಿನ ಅಚ್ಚು ಎಡಕ್ಕೂ ಬಲಕ್ಕೂ ಜಾರದಂತೆ ಹಿಡಿದಿಡುವ ಒಂದು ಅಡ್ಡರಾಡನ್ನೂ ಬದಲಿಸಬೇಕಾಗುತ್ತದೆ. ಅದರ ಒಂದು ತುದಿ ಗಾಡಿಯ ಚೌಕಟ್ಟಿಗೆ, ಇನ್ನೊಂದು ಅಚ್ಚಿಗೆ. ಎರಡೂ ಕಡೆ ಒಂದೊಂದು ಬೋಲ್ಟು. ಅದೊಂದು ಕೆಲಸ ಬಾಕಿ ಇರುವಾಗ ಖಂಡೇನವಮಿ ಬಂತು.

ನೇಕಾರರ ಮನೆಯಲ್ಲಿ ಆ ದಿನ ಕಬ್ಬಿಣವೆಲ್ಲ ಸ್ನಾನ ಮಾಡಬೇಕು. ಸುತ್ತಿಗೆ, ಬೋಲ್ಟು ಬಿಗಿಯುವ ಪಾನಾ, ಕತ್ತರಿ, ಮಗ್ಗದ ಬಿಡಿಭಾಗ — ಎಲ್ಲವನ್ನೂ ತೊಳೆದು ಜಮಖಾನೆಯ ಮೇಲೆ ಸಾಲಾಗಿ ಇಡುತ್ತೇವೆ. ತೊಳೆಯುವುದು ಸೊಸೆಯ ಕೆಲಸ. ಹಳೆಯ ಮಗ್ಗಗಳಿಂದ ಬಿಚ್ಚಿದ ಬೋಲ್ಟುಗಳ ಡಬ್ಬಿಯೊಂದು ನಮ್ಮಲ್ಲಿದೆ. ಅದನ್ನೂ, ಶಿವಾನಂದ ಹೊರಗಿಟ್ಟಿದ್ದ ಹೊಸ ಬೋಲ್ಟುಗಳನ್ನೂ ನಾನು ಒಂದೇ ಬೋಗುಣಿಗೆ ಸುರಿದು ಹುಣಸೆಹುಳಿಯಲ್ಲಿ ತಿಕ್ಕಿದೆ. ಹುಳಿಗೆ ಹೊಸದರ ಕಪ್ಪು ಬಿಟ್ಟಿತು, ಹಳೆಯದರ ತುಕ್ಕು ಬಿಟ್ಟಿತು. ಎಲ್ಲವೂ ಒಂದೇ ಬಿಳುಪಾದವು. ತಲೆಯ ಗಾತ್ರ, ಉದ್ದ ನೋಡಿ ಬೇರ್ಪಡಿಸಿದೆ. ಚೆನ್ನಾಗಿಯೇ ಬೇರ್ಪಡಿಸಿದ್ದೇನೆ ಅಂದುಕೊಂಡೆ. ಅತ್ತೆ ಪ್ರತಿಯೊಂದರ ತಲೆಗೂ ವಿಭೂತಿ ಬಳಿದು, ಮೇಲೆ ಅರಿಷಿಣ ಕುಂಕುಮ ಇಟ್ಟರು.

ಪೂಜೆಯಾದ ಕಬ್ಬಿಣವನ್ನು ಆ ದಿನ ಒರೆಸುವ ಹಾಗಿಲ್ಲ. ಆದರೆ ಸಂಜೆಯೊಳಗೆ ಗಾಡಿ ಗುಡಿ ಸುತ್ತಿ ಬರಬೇಕೆಂದು ಯಜಮಾನರ ಆಸೆ. ಶಿವಾನಂದ ವಿಭೂತಿ ಬಳಿದಿದ್ದ ಎರಡು ಬೋಲ್ಟುಗಳನ್ನು ಹಾಗೆಯೇ ಕಣ್ಣಿಗೊತ್ತಿಕೊಂಡು, ಅವಸರದಲ್ಲಿ ಅಡ್ಡರಾಡಿನ ತೂತುಗಳಿಗೆ ಸೇರಿಸಿ, ಅವುಗಳದೇ ನಟ್ಟು ಹಾಕಿ ಬಿಗಿದ. ಒರೆಸಿದ್ದರೆ ಅವನಿಗೆ ಕಾಣುತ್ತಿತ್ತು. ಹೊಸ ಬೋಲ್ಟುಗಳ ತಲೆಯ ಮೇಲೆ ಉಬ್ಬಿದ ಅಂಕಿಗಳಿರುತ್ತವೆ. ಆ ಎರಡರಲ್ಲಿ ಒಂದರ ಮೇಲೆ ಇರಲಿಲ್ಲ.

ಗಾಡಿ ನಿಧಾನವಾಗಿ ಗುಡಿ ಸುತ್ತಿತು. ಏನೂ ಆಗಲಿಲ್ಲ.

ನಡುಕ ಬಂದದ್ದು ಮುಧೋಳ ರಸ್ತೆಯಲ್ಲಿ, ಗಾಡಿ ವೇಗ ಹಿಡಿದಾಗ. ಒಂದು ಚಕ್ರ ಸಣ್ಣ ತೆಗ್ಗಿಗೆ ಬಿದ್ದದ್ದೇ ನೆಪ, ಮುಂದಿನ ಎರಡೂ ಚಕ್ರ ಎಡಕ್ಕೆ ಬಲಕ್ಕೆ ಅದುರತೊಡಗುತ್ತಿದ್ದವು. ಸ್ಟೇರಿಂಗು ಕೈಗೆ ಸಿಗುತ್ತಿರಲಿಲ್ಲ. ವೇಗ ಪೂರ್ತಿ ಇಳಿಸಿದ ಮೇಲೆ ತಾನಾಗಿ ನಿಲ್ಲುತ್ತಿತ್ತು. "ವೈನಿ, ಚಳಿಜ್ವರ ಬಂದೋರನ್ನ ಅಪ್ಪಿ ಹಿಡದಂಗ ಆಗತೈತ್ರಿ" ಎಂದು ಮೊದಲ ದಿನ ಶಿವಾನಂದ ನಗುತ್ತಲೇ ನನಗೆ ಹೇಳಿದ್ದ; ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತಾರೆ.

ಅವನು ಹುಡುಕಿದ. ಟೈರಿನ ಗಾಳಿ ಇಳಿಸಿ ನೋಡಿದ, ಏರಿಸಿ ನೋಡಿದ. ಜಮಖಂಡಿಯ ಟೈರಿನಂಗಡಿಗೆ ಒಯ್ದು ಚಕ್ರಗಳ ತೂಕ ಸರಿಮಾಡಿಸಿದ. ಅಂಗಡಿಯವರು ಎಲ್ಲರ ಮುಂದೆ, "ಟೈರ ದೊಡ್ಡವ ಅದಾವಪ್ಪಾ, ನಿನ್ನ ಆಸಿ ಅದಕ್ಕಿಂತ ದೊಡ್ಡದೈತಿ" ಅಂದರಂತೆ. ಅದನ್ನೂ ಬಂದು ನಮಗೆ ನಟಿಸಿ ತೋರಿಸಿದ. ಮುಂದಿನ ಚಕ್ರ ಹಿಂದೆ, ಹಿಂದಿನದು ಮುಂದೆ ಹಾಕಿದ. ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದ — ಬೇರಿಂಗು ಸರಿ. ಎಡ ಬಲ ಹಿಡಿದು ಅಲುಗಿಸಿದ — ಸ್ಟೇರಿಂಗಿನ ಕೊಂಡಿಗಳು ಸರಿ. ನಡುಕ ನುಂಗುವ ಡ್ಯಾಂಪರ್ ಹೊಸದು ಹಾಕಿದ. ಎರಡು ದಿನ ಚೆನ್ನಾಗಿತ್ತು, ಮತ್ತೆ ಬಂತು. ಅಡ್ಡರಾಡಿನ ಬೋಲ್ಟುಗಳಿಗೂ ಪಾನಾ ಹಾಕಿ ಒತ್ತಿದ. ಬಿಗಿಯಾಗಿದ್ದವು. ಬಿಗಿಯಾಗಿಯೇ ಇದ್ದವು.

ಆ ದಿನಗಳಲ್ಲೇ ನಮ್ಮದೊಂದು ಮಗ್ಗ ನಿಂತಿತು. ಮಗ್ಗ ರಿಪೇರಿಯ ಕಲ್ಲಪ್ಪ ಬಂದು ಡಬ್ಬಿಯಿಂದ ಒಂದು ಬೋಲ್ಟು ತೆಗೆದ. ತೂತಿಗೆ ಹಿಡಿದ, ಹೋಗಲಿಲ್ಲ. "ಇದು ನಮ್ಮ ಮಗ್ಗದ್ದಲ್ಲವ್ವಾ. ತಲಿ ಅಷ್ಟ ಐತಿ, ಮೈ ದಪ್ಪ ಐತಿ" ಎಂದು ಪಕ್ಕಕ್ಕೆ ಒಗೆದ. ನಾನು ಎತ್ತಿಕೊಂಡೆ. ತಲೆಯ ಮೇಲೆ ಅಂಕಿಗಳಿದ್ದವು. ಅಂಕಿಗಳ ಸಂದಿಯಲ್ಲಿ ವಿಭೂತಿ ಗಟ್ಟಿಯಾಗಿತ್ತು.

ತಕ್ಷಣ ತಿಳಿಯಿತು. ಗಾಡಿಯದು ಡಬ್ಬಿಗೆ ಹೋಗಿದೆ, ಮಗ್ಗದ್ದು ಗಾಡಿಗೆ ಹೋಗಿದೆ. ದೊಡ್ಡ ತೂತಿನಲ್ಲಿ ಸಣ್ಣ ಮೈಯ ಬೋಲ್ಟು. ಎಷ್ಟು ಬಿಗಿದರೂ, ಜೋರಾಗಿ ಒದ್ದರೆ ಅದು ಒಳಗೇ ಸರಿಯುತ್ತದೆ, ಸರಿದ ಹಾಗೆಲ್ಲ ತೂತು ಇನ್ನಷ್ಟು ಸವೆಯುತ್ತದೆ. ಇದನ್ನು ತಿಳಿಯಲು ಗ್ಯಾರೇಜಿನವಳೇ ಆಗಬೇಕಿರಲಿಲ್ಲ. ಕೀಲು ಸಡಿಲವಾದ ತೊಟ್ಟಿಲು ಗೊತ್ತಿದ್ದರೆ ಸಾಕು.

ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ಯಜಮಾನರ ಎದುರಿಗೆ ಯಾಕೆ, ನಾಳೆ ಅವನೊಬ್ಬನಿಗೇ ಹೇಳಿದರಾಯಿತು ಅನಿಸಿತು. ಬೋಲ್ಟನ್ನು ಡಬ್ಬಿಯ ತಳಕ್ಕೆ ಹಾಕಿ ಮೇಲೆ ಬೇರೆಯವನ್ನು ಸುರಿದೆ. ಕೈ ತೊಳೆದುಕೊಂಡು ಬೇಳೆಗೆ ಒಗ್ಗರಣೆ ಹಾಕಿದೆ.

ಮರುದಿನ ಅವನೇ ನನ್ನ ಹತ್ತಿರ ಬಂದ. ಮೊಬೈಲಿನಲ್ಲಿ ಯಾರೋ ವಿದೇಶದವರು ಇಂಥದೇ ನಡುಕದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವ ವಿಡಿಯೋ. "ವೈನಿ, ನೀವು ಕಾನ್ವೆಂಟ್ ಮಂದಿ. ಏನಂತಾನ ಇಂವಾ, ಸ್ವಲ್ಪ ಹೇಳ್ರಿ." ನನ್ನ ಇಂಗ್ಲಿಷು ಆ ಮನೆಯಲ್ಲಿ ಅದಕ್ಕೆ ಮುಂಚೆ ಔಷಧದ ಚೀಟಿ ಓದಲು ಬಿಟ್ಟರೆ ಯಾತಕ್ಕೂ ಬೇಕಾಗಿರಲಿಲ್ಲ. ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಗಾಡಿ ನೆಲದ ಮೇಲೇ ಇರಬೇಕು, ಎಂಜಿನ್ ಚಾಲು ಇರಬೇಕು. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ರಭಸದಿಂದ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ಅಡ್ಡರಾಡಿನ ಬೋಲ್ಟನ್ನೇ ನೋಡಬೇಕು. ಅಲ್ಲಿ ಚೂರು ಸರಿದರೂ ರೋಗ ಅದೇ.

"ಹಂಗಾರ ನೀವ ಕುಂದರ್ರಿ ಮ್ಯಾಲ" ಅಂದ. "ವಿಡಿಯೋದಾಂವ ಹೆಂಗ ತಿರುವಂದಾನ ಅಂತ ನಿಮಗಷ್ಟ ತಿಳದೈತಿ."

ಹತ್ತಿ ಕೂತೆ. ಸೀಟಿನ ಮೇಲೆ ಅತ್ತೆಯ ಹಳೆಯ ಸೀರೆಯ ತುಂಡು ಹಾಸಿದ್ದ. ಎಂಜಿನ್ನಿನ ನಡುಕ ಅಂಗಾಲಿಗೆ ಬರುತ್ತಿತ್ತು. ಕೆಳಗಿನಿಂದ ಅವನ ದನಿ: "ಹೂಂ, ತಿರುವ್ರಿ."

ತಿರುಗಿಸಿದೆ. ಮೆಲ್ಲಗೆ.

"ಜೋರ ತಿರುವ್ರಿ ವೈನಿ! ಹಿಟ್ಟ ನಾದಿದಂಗ ಮಾಡಬ್ಯಾಡ್ರಿ!"

ಎಂಜಿನ್ ಓಡುವಾಗ ಸ್ಟೇರಿಂಗು ಹಗುರವಾಗಿಯೇ ಇತ್ತು. ಒಂದು ಬೆರಳು ಸಾಕಿತ್ತು ಅನ್ನಬಹುದು. ನಾನು ಅಷ್ಟೇ ಮೆಲ್ಲಗೆ ಎಡಕ್ಕೆ, ಅಷ್ಟೇ ಮೆಲ್ಲಗೆ ಬಲಕ್ಕೆ — "ಇಷ್ಟ ಬರತೈತಿ ಶಿವೂ. ಭಾಳ ಬಿಗಿ ಐತಿ" ಅಂದೆ.

ಈ ಮಾತನ್ನು ನಾನು ಅಂದೆ. ನನ್ನ ದನಿಯಲ್ಲೇ ಅಂದೆ. ಯಾವ ನಡುಕವೂ ಇರಲಿಲ್ಲ ಅದರಲ್ಲಿ.

ಅವನು ಸ್ವಲ್ಪ ಹೊತ್ತು ನೋಡಿ ಹೊರಗೆ ತೆವಳಿ ಬಂದ. ಕೂದಲಿಗೆ ಮಣ್ಣು ಹತ್ತಿತ್ತು. "ಇದೂ ಗಟ್ಟಿ ಐತ್ರಿ. ಕೂದಲ ಎಳಿಯಷ್ಟೂ ಸರಿಯವಲ್ದು. ಇದರಾಗಿಲ್ಲ ರೋಗ" ಅಂದ. ಆಮೇಲೆ ಆ ಬೋಲ್ಟಿನ ಕಡೆ ಅವನು ತಿರುಗಿ ನೋಡಲಿಲ್ಲ. ನನ್ನನ್ನು ನಂಬಿದ್ದ.

ಆ ವಾರವೇ ಯಜಮಾನರು, "ಕೊಡ ಇಲ್ಲೆ, ನಾ ಓಡಿಸಿ ನೋಡ್ತೇನಿ. ನೀ ಬರೇ ಅಂಜತಿ" ಎಂದು ಕೀಲಿ ತೆಗೆದುಕೊಂಡರು. ಶಿವಾನಂದ ಬೇಡ ಅಂದ. ಕೇಳಲಿಲ್ಲ. ಅವನೂ ಪಕ್ಕದಲ್ಲಿ ಕೂತ. ನಾನು ಬಾಗಿಲಲ್ಲಿ ನಿಂತಿದ್ದೆ, ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ನನ್ನ ಗಂಡ, ನನ್ನ ಮೈದುನ — ಇಬ್ಬರೂ ಆ ಗಾಡಿಯಲ್ಲಿ. "ಸಾವಕಾಶ ಹೋಗ್ರಿ" ಅಂದೆ. ಅಷ್ಟೇ ಅಂದೆ. ಒಳಗೆ ಹೋಗಿ ರೊಟ್ಟಿ ತಿರುವಿ ಹಾಕಿದೆ. ಆ ರೊಟ್ಟಿ ಚೆನ್ನಾಗಿ ಉಬ್ಬಿದ್ದೂ ನೆನಪಿದೆ.

ಮುಧೋಳ ರಸ್ತೆಯ ಸಣ್ಣ ಸೇತುವೆಯ ಜೋಡಣೆ ದಾಟುವಾಗ ನಡುಕ ಶುರುವಾಯಿತಂತೆ. ಯಜಮಾನರು ಹೆದರಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದರು. ಅದುರುತ್ತಿದ್ದ ಸ್ಟೇರಿಂಗಿನ ಅಡ್ಡಕಂಬಿಗೆ ಸಿಕ್ಕಿ ಬಲಗೈಯ ಹೆಬ್ಬೆರಳು ಮುರಿಯಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬರುತ್ತಿತ್ತು. ಶಿವಾನಂದ ಪಕ್ಕದಿಂದ ಸ್ಟೇರಿಂಗು ಎಳೆದು ಗಾಡಿಯನ್ನು ಹೊಲಕ್ಕೆ ಇಳಿಸಿದ. ಬೆಳೆದ ಕಬ್ಬು ಗಾಡಿಯನ್ನು ತಡೆಯಿತು. ಇಲ್ಲದಿದ್ದರೆ — ಆ ವಾಕ್ಯವನ್ನು ನಾನು ಇವತ್ತಿಗೂ ಪೂರ್ತಿ ಮಾಡಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಯಜಮಾನರು ಅಂಗಳದಲ್ಲೇ, ಓಣಿಯವರೆಲ್ಲ ನಿಂತಿರುವಾಗ ಅಂದರು: "ನಿನ್ನ ಕೈಗುಣನ ಸರಿ ಇಲ್ಲಲೇ. ಇನ್ನ ಪಾನಾ ಮುಟ್ಟಬ್ಯಾಡ."

ಬೀಳಗಿಯಿಂದ ಒಬ್ಬರು ಗಾಡಿ ಕೊಳ್ಳಲು ಬಂದರು, ಒಳ್ಳೆಯ ಬೆಲೆ ಹೇಳಿದರು. "ಏನಾಗೈತಿ ಅಂತ ನನಗ ತಿಳೀದ ಗಾಡಿ. ಇನ್ನೊಬ್ಬರನ್ನ ಹೆಂಗ ಕುಂದ್ರಸಲಿ?" ಎಂದು ಶಿವಾನಂದ ಕೊಡಲಿಲ್ಲ. ಮುಧೋಳದ ಗುಜರಿಯವರನ್ನು ಕರೆಸಿದ. ಅವರು ಅಂಗಳದಲ್ಲೇ ಗ್ಯಾಸ್ ಕಟರಿನಿಂದ ಗಾಡಿಯನ್ನು ತುಂಡು ಮಾಡಿ ಹೇರಿಕೊಂಡು ಹೋದರು. ಕಿಡಿ ಹಾರಿದ ಕಡೆ ನೆಲದ ಫರಸಿ ಕಲ್ಲುಗಳ ಮೇಲೆ ಕಪ್ಪು ಚುಕ್ಕೆಗಳು ಉಳಿದವು. ನಾನು ತಿಕ್ಕಿ ನೋಡಿದೆ, ಹೋಗಲಿಲ್ಲ.

ಅವನು ಮಗ್ಗಕ್ಕೆ ಮರಳಿದ. ಆದರೆ ಕೈಗುಣದ ಮಾತು ಗಾಡಿಯ ಜೊತೆ ಹೋಗಲಿಲ್ಲ. ಜಮಖಂಡಿಯ ಟೈರಿನಂಗಡಿಯವರು ಮುಧೋಳ, ಬೀಳಗಿ, ಸಾವಳಗಿಯಿಂದ ಬಂದ ಗಾಡಿಯವರಿಗೆಲ್ಲ, "ಬನಹಟ್ಟಿಯವನ ಕೈಯಾಗ ಕೊಡಬ್ಯಾಡ್ರಿ, ಅಣ್ಣನ್ನ ಕೊಲ್ಲತಿದ್ದ" ಅನ್ನುತ್ತಿದ್ದರಂತೆ. ಓಣಿಯಲ್ಲಿ ಅದು ಇನ್ನೊಂದು ರೂಪ ತಾಳಿತು. ನಮ್ಮಲ್ಲಿ ಮಗ್ಗಕ್ಕೆ ಹೊಸ ಹಾಸು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಹೂಡುವಾಗ ಮೊದಲ ಎಳೆಯನ್ನು ಕೈಗುಣ ಒಳ್ಳೆಯದಿರುವವರಿಂದ ಎಳೆಸುತ್ತಾರೆ. ಮೊದಲೆಲ್ಲ ಶಿವಾನಂದನನ್ನು ಕರೆಯುತ್ತಿದ್ದರು — ಅವನು ಎಳೆದ ಹಾಸು ಕಡಿಯುವುದಿಲ್ಲ ಎಂದು. ಆಮೇಲೆ ಯಾರೂ ಕರೆಯಲಿಲ್ಲ. ಅವನ ಮದುವೆಯ ಮಾತು ಎರಡು ಕಡೆ ಬಂದು ನಿಂತಿತು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ವರ್ಷಗಳು ಹೋದವು. ನಾನು ದಿನಾಲು ಅವನಿಗೆ ಬಡಿಸಿದೆ. ಎದೆಯಲ್ಲಿ ಮುಳ್ಳು ಚುಚ್ಚುತ್ತಿತ್ತು ಎಂದೇನೂ ಇಲ್ಲ. ನಿದ್ದೆ ಬರುತ್ತಿತ್ತು. ಅದನ್ನೂ ಹೇಳಬೇಕು.

ಈಚೆಗೆ ನಮ್ಮ ಮನೆಗೇ ಒಂದು ಹೊಸ ಮಗ್ಗ ಬಂತು. ಹಾಸು ಹೂಡುವ ಬೆಳಿಗ್ಗೆ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ನೆರೆಯವರು ಬಂದಿದ್ದರು. ಯಾರೂ ಏನೂ ಅನ್ನುವ ಮುಂಚೆಯೇ ಶಿವಾನಂದ ಎದ್ದು, "ಯವ್ವಾ, ನಾ ರಬಕವಿ ತನಕ ಹೋಗಿ ಬರ್ತೇನಿ" ಅಂದ. ಕೆಲಸವೇನೂ ಇರಲಿಲ್ಲ ಅವನಿಗೆ ಅಲ್ಲಿ. ಎಲ್ಲರೂ ಸ್ವಲ್ಪ ಸರಿದು ದಾರಿ ಬಿಟ್ಟರು. ಅತ್ತೆಯ ಮುಖದಲ್ಲಿ ಸಮಾಧಾನ ಕಂಡಿತು — ಹೆತ್ತ ತಾಯಿಯ ಮುಖದಲ್ಲಿ. ಅವನೂ ಅದನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಮಧ್ಯಾಹ್ನ ಅವನು ಹಿಂದಿರುಗಿದಾಗ ಅಡುಗೆಮನೆಯಲ್ಲಿ ಚಹಾ ಕೊಟ್ಟು ಹೇಳಿದೆ. ಬೋಗುಣಿ, ಹುಣಸೆಹುಳಿ, ಎರಡು ಬೋಲ್ಟು, ಅದಲುಬದಲು. ನನ್ನಿಂದಲೇ ಆದದ್ದು ಎಂದೆ. ಅವನು ಕೇಳುತ್ತ ಕೂತ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಇದು ನಿಮಗ ಯಾವಾಗ ತಿಳೀತ್ರಿ?"

ಅಲ್ಲಿ ಒಂದು ಬಾಗಿಲಿತ್ತು. ಗಾಡಿ ಗುಜರಿಗೆ ಹೋದ ಮೇಲೆ ತಿಳಿಯಿತು ಎಂದರೆ ಸಾಕಿತ್ತು. ಪೂಜೆಯ ಗಡಿಬಿಡಿಯಲ್ಲಿ ಆದ ತಪ್ಪು, ಯಾರಾದರೂ ಕ್ಷಮಿಸುತ್ತಿದ್ದರು, ಅವನಂತೂ ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಮೊದಲ ಗೊತ್ತಿತ್ತು" ಅಂದೆ. "ನೀ ಕೆಳಗ ಮಲಗಿದ್ದಿ, ಆವಾಗ ಗೊತ್ತಿತ್ತು. ಬೇಕಂತನ ಸಾವಕಾಶ ತಿರುವಿದೆ."

ಅವನು ಚಹಾ ಮುಗಿಸಿದ. ಎದ್ದು ಕಪ್ಪನ್ನು ತಾನೇ ತೊಳೆದು ಬೋರಲು ಹಾಕಿದ. ಯಾಕೆ ಹಾಗೆ ಮಾಡಿದೆ ಎಂದು ಕೇಳಬಹುದು ಎಂದು ಕಾದೆ. ಕೇಳಲಿಲ್ಲ.

"ನನಗ ಹೇಳಿ ಏನ್ ಮಾಡ್ತೀರಿ?" ಅಂದ, ನನ್ನ ಕಡೆ ನೋಡದೆ. "ನನ್ನ ಕೈ ಕೆಟ್ಟೈತಿ ಅಂತ ಊರಿಗೆಲ್ಲ ಹೇಳ್ಯಾರ. ಊರಿಗೆ ಹೇಳ್ರಿ."

ಅವತ್ತೇ ಅತ್ತೆಗೆ ಹೇಳಿದೆ. ಅವರು ಎದ್ದು ಮಗ್ಗದ ಮನೆಗೆ ಹೋಗಿ ಮಗನ ಹತ್ತಿರ ಕೂತರು. ಯಜಮಾನರಿಗೆ ಹೇಳಿದೆ. "ಆಗಿ ಹೋದದ್ದನ್ನ ಈಗ ಯಾಕ ತಗೀತಿ? ಮಂದಿಗೇನರ ಹೇಳಿಗೀಳಿ ನೋಡ" ಅಂದರು. ಮಂದಿಗೆ ಹೇಳಿದೆ. ಓಣಿಯ ಮನೆಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತು ಹೇಳಿದೆ. ಕೆಲವರು ಬಾಗಿಲಿಗೆ ಅಡ್ಡ ನಿಂತೇ ಕೇಳಿದರು. ಒಬ್ಬರು, "ಹೋಗ್ಲಿ ಬಿಡ್ರಿ ಅಕ್ಕಾರ, ಬೋಲ್ಟ ಒಂದು ನೆವ. ಕೈಗುಣ ಅಂತೂ ಇರೂದ" ಅಂದರು. ಅವರ ಮುಂದೆ ಇನ್ನೊಮ್ಮೆ ಹೇಳಿದೆ.

ನಿನ್ನೆ ಬಸ್ಸು ಹತ್ತಿ ಜಮಖಂಡಿಗೆ ಹೋದೆ, ಒಬ್ಬಳೇ. ಟೈರಿನಂಗಡಿಯವರಿಗೆ ವಯಸ್ಸಾಗಿದೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಕುರ್ಚಿ ಹಾಕಿಸಿದರು, ಪಂಚರ್ ಏನಾದರೂ ಇದೆಯೇ ಎಂದು ಕೇಳಿದರು. ನಾನು ಬನಹಟ್ಟಿಯ ಶಿವಾನಂದನ ವೈನಿ, ಅವನ ಬಗ್ಗೆ ಒಂದು ಮಾತು ಹೇಳಬೇಕಿತ್ತು ಎಂದೆ.

"ಯಾವ ಶಿವಾನಂದ್ರಿ?" ಅಂದರು.

ಗಾಡಿ ಎತ್ತರಿಸಿದ್ದ, ನಡುಗುತ್ತಿತ್ತು, ಇಲ್ಲಿಗೆ ಎಷ್ಟೋ ಸಲ ತಂದಿದ್ದ ಎಂದೆ. ಅವರು ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟರು. "ಅಂಥಾವ ಭಾಳ ಬರ್ತಾವ್ರಿ ಇಲ್ಲೆ. ನೆನಪಾಗವಲ್ದು ನೋಡ್ರಿ, ತಪ್ಪ ತಿಳೀಬ್ಯಾಡ್ರಿ" ಎಂದು ಕೈ ಮುಗಿದರು.

ನಾನು ಕುರ್ಚಿಯಿಂದ ಏಳಲಿಲ್ಲ. ಅವನು ಯಾರೆಂಬುದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.